ಚಿಕ್ಕಪ್ಪನ ಮೆಷಿನ್ನು, ನಾಗದೇವಿ ಸ್ಟ್ರೀಟಿನ ಸಾಮಾನು

ಮೇ ತಿಂಗಳ ಕೊನೆಯ ವಾರ ನಾನು ಊರಲ್ಲಿದ್ದೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಳಗೆ ಎರಡು ಮೈಲಿ ನಡೆದರೆ ನಮ್ಮ ಮನೆ. ಮಳೆ ಹಿಡಿಯುವ ಮೊದಲು ಒಂದು ಗಾಳಿ ಬರುತ್ತದಲ್ಲ, ಅದು ಒಂದು ಸಂಜೆ ಅರ್ಧ ಗಂಟೆ ಬೀಸಿತು. ಬೆಳಿಗ್ಗೆ ಎದ್ದು ನೋಡಿದರೆ ತೋಟದ ಅಂಚಿನ ಹಲಸಿನ ಮರ ಬುಡಸಮೇತ ಕಿತ್ತು ಅಡಿಕೆ ಮರಗಳ ಮೇಲೆ ಮಲಗಿತ್ತು. ಹದಿನೇಳು ಅಡಿಕೆ ಮರ ಹೋದವು. ಕಪ್ಪು ನೀರು ಹರಿಯುವ ದೊಡ್ಡ ಕಾಲುವೆಯೂ ಮುಚ್ಚಿಹೋಗಿತ್ತು. ಮಳೆ ಶುರುವಾಗುವುದರೊಳಗೆ ಅದನ್ನು ತೆಗೆಯದಿದ್ದರೆ ತೋಟದಲ್ಲಿ ನೀರು ನಿಲ್ಲುತ್ತದೆ, ನೀರು ನಿಂತರೆ ಕೊಳೆ.

ಚಿಕ್ಕಪ್ಪ ಮೆಷಿನ್ನು ತೆಗೆದರು. ನಮ್ಮ ಕಡೆ ಚೈನ್ ಸಾ ಎಂದು ಯಾರೂ ಹೇಳುವುದಿಲ್ಲ, ಮರ ಕೊಯ್ಯುವ ಮೆಷಿನ್ನು, ಬರೀ ಮೆಷಿನ್ನು ಎಂದರೂ ಅದೇ. ಸ್ಟಿಲ್ ಎಂಎಸ್ 180. 31.8 ಸಿಸಿ ಎಂಜಿನ್ನು, 16 ಇಂಚಿನ ಬಾರು. ಕೊಂಡು ಒಂಬತ್ತು ವರ್ಷವಾಗಿತ್ತು. ಚಿಕ್ಕಪ್ಪನಿಗೆ ಅರವತ್ತಮೂರು. ತೋಟದ ಕೆಲಸಕ್ಕೆ ಮಾತ್ರವಲ್ಲ, ಅಕ್ಕಪಕ್ಕದವರ ಮನೆಗೂ ಹೋಗಿ ಮರ ಕೊಯ್ದುಕೊಟ್ಟು ವರ್ಷಕ್ಕೆ ಒಂದಿಷ್ಟು ದುಡ್ಡು ಅದರಿಂದಲೇ ನೋಡುವವರು.

ಎರಡನೇ ದಿನ ಅವರು ಟೊಂಗೆ ಕಡಿದು ಹಾಕುತ್ತಿದ್ದಾಗ ಪೆಟ್ರೋಲ್ ಮುಗಿಯಿತು. ನಾನೇ ಹೋಗಿ ಕೊಟ್ಟಿಗೆಯಿಂದ ಕ್ಯಾನು ತಂದು ಟ್ಯಾಂಕು ತುಂಬಿಸಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ಮೆಷಿನ್ನು ಒಮ್ಮೆ ಕಿರುಚಿದ ಹಾಗೆ ಸದ್ದು ಮಾಡಿ ಬುಡದ ತುಂಡಿನ ಮಧ್ಯೆಯೇ ನಿಂತುಬಿಟ್ಟಿತು. ಹಗ್ಗ ಎಳೆದರೆ ಜಗ್ಗಲಿಲ್ಲ. ತಣ್ಣಗಾದ ಮೇಲೆ ಜಗ್ಗಿತು, ಆದರೆ ಎಳೆಯುವಾಗ ಹಿಡಿತವೇ ಇಲ್ಲ. ಕಂಪ್ರೆಷನ್ ಹೋಗಿತ್ತು.

ಪೇಟೆಯ ಮೆಕ್ಯಾನಿಕ್ ಎರಡು ನಿಮಿಷ ನೋಡಿ, "ಸೀಜ್ ಆಗಿದೆ. ಬೋರು ಪಿಸ್ಟನ್ನು ಎರಡೂ ಹೋಗಿದೆ. ಕಂಪನಿ ಸೆಟ್ಟು ಹಾಕಿದ್ರೆ ಮಜೂರಿ ಸೇರಿ ಹೊಸದರ ಅರ್ಧ ಆಗ್ತದೆ. ಹೊಸದೇ ತಗೊಳ್ಳಿ" ಎಂದ. ಹೊಸದಕ್ಕೆ ಇಪ್ಪತ್ತೆರಡು ಸಾವಿರ ಎಂದು ಅಲ್ಲಿಯೇ ಹೇಳಿದರು. ಹದಿನೇಳು ಅಡಿಕೆ ಮರ ಹೋದ ವರ್ಷ. ಚಿಕ್ಕಪ್ಪ ಏನೂ ಮಾತಾಡದೆ ಮೆಷಿನ್ನನ್ನು ಗೋಣಿಚೀಲಕ್ಕೆ ಹಾಕಿಕೊಂಡು ಬಂದರು. ಉಳಿದ ಮರಕ್ಕೆ ಬೇರೆಯವರನ್ನು ಕರೆಸಿ ಕೊಯ್ಸಿದ್ದಾಯಿತು.

ನಾನು ಡೊಂಬಿವಲಿಯಲ್ಲಿ ಇರುವವನು, ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಕ್ಲೇಮು ನೋಡುವ ಕೆಲಸ. ಯಂತ್ರ ಹಾಳಾಗಿದ್ದು ಯಾರ ತಪ್ಪಿನಿಂದ ಎಂದು ವರದಿ ಓದಿ ನಿರ್ಧಾರ ಬರೆಯುವುದೇ ನನ್ನ ಉದ್ಯೋಗ. "ನಾನು ಮುಂಬೈಗೆ ತಗೊಂಡು ಹೋಗಿ ನೋಡ್ತೇನೆ" ಎಂದೆ. ಚಿಕ್ಕಮ್ಮ ನಕ್ಕರು.

ಪೆಟ್ರೋಲ್ ಇರುವ ಯಂತ್ರವನ್ನು ರೈಲಿನಲ್ಲಿ ಒಯ್ಯುವಂತಿಲ್ಲ. ಹೊರಡುವ ಎರಡು ದಿನ ಮೊದಲೇ ಬಾರು, ಚೈನು ಬಿಚ್ಚಿಟ್ಟು, ಟ್ಯಾಂಕು ಪೂರ್ತಿ ಖಾಲಿ ಮಾಡಿ ಒಣಗಲು ಇಟ್ಟೆ. ಟ್ಯಾಂಕಿನಲ್ಲಿ ಉಳಿದದ್ದರ ಸ್ವಲ್ಪ ಹಳೆಯ ಪತ್ರಿಕೆಯ ಮೇಲೆ ಚೆಲ್ಲಿತ್ತು. ಐದು ನಿಮಿಷದಲ್ಲಿ ಆರಿಹೋಯಿತು. ಕಲೆಯೇ ಉಳಿಯಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಟೂ ಸ್ಟ್ರೋಕ್ ಎಂಜಿನ್ನು. ಕಾರಿನ ಹಾಗೆ ಇದಕ್ಕೆ ಬೇರೆ ಎಂಜಿನ್ ಆಯಿಲ್ ಇಲ್ಲ. ಪೆಟ್ರೋಲಿಗೇ ಟೂ ಟಿ ಆಯಿಲ್ ಬೆರೆಸಿ ಹಾಕಬೇಕು, ಒಳಗಿನ ಬೇರಿಂಗು, ಪಿಸ್ಟನ್ನು ಎಲ್ಲಕ್ಕೂ ಆ ಬೆರಕೆಯೇ ಎಣ್ಣೆ. ಬೆರೆಸಿದ ಪೆಟ್ರೋಲನ್ನು ಕಾಗದದ ಮೇಲೆ ಹಾಕಿದರೆ ಪೆಟ್ರೋಲು ಆರಿದ ಮೇಲೆ ಎಣ್ಣೆಯ ಕಲೆ ಉಳಿಯುತ್ತದೆ, ಬೋಂಡ ಇಟ್ಟ ಕಾಗದದ ಹಾಗೆ. ನನ್ನ ಕಾಗದದಲ್ಲಿ ಕಲೆ ಇರಲಿಲ್ಲ. ಕೊಟ್ಟಿಗೆಯಲ್ಲಿ ಒಂದೇ ತರದ ಎರಡು ಕ್ಯಾನು ಇದ್ದವು, ಒಂದು ಮೆಷಿನ್ನಿನದ್ದು, ಇನ್ನೊಂದು ಬೈಕಿಗೆಂದು ತಂದಿಟ್ಟಿದ್ದು. ನಾನು ಕೇಳದೆ ತಂದದ್ದು ಬೈಕಿನದ್ದು.

ಪತ್ರಿಕೆಯನ್ನು ಒಲೆಗೆ ಹಾಕಿದೆ. ಯಾರಿಗೂ ಹೇಳಲಿಲ್ಲ. ಉಡುಪಿಯಲ್ಲಿ ಮತ್ಸ್ಯಗಂಧ ಹತ್ತಿ, ಗೋಣಿಚೀಲವನ್ನು ಸೀಟಿನಡಿಗೆ ತಳ್ಳಿ ಮಲಗಿದೆ. ನಿದ್ದೆ ಬರಲಿಲ್ಲ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಸಣ್ಣ ಗ್ಯಾಲರಿ ಇದೆ. ಅದೇ ವರ್ಕ್‌ಶಾಪು. ಜೂನ್ ತಿಂಗಳ ಮುಂಬೈ ಮಳೆ, ಹೊರಗೆ ಹೋಗುವ ಹಾಗಿಲ್ಲ. ಈ ಮೆಷಿನ್ನಿನ ಸ್ಕ್ರೂಗಳಿಗೆ ಆರು ಮೂಲೆಯ ನಕ್ಷತ್ರದ ತಲೆ, ಟಿ 27 ಎಂಬ ಅಳತೆಯ ಉದ್ದದ ಡ್ರೈವರ್ ಬೇಕು. ಸೈಲೆನ್ಸರ್ ಬಿಚ್ಚಿ ಆ ಕಿಂಡಿಯಿಂದ ಟಾರ್ಚು ಬಿಟ್ಟು ನೋಡಿದರೆ ಪಿಸ್ಟನ್ನಿನ ಬದಿ ಉದ್ದಕ್ಕೂ ಗೀರು ಗೀರು, ಕೊಬ್ಬರಿ ತುರಿದ ಹಾಗೆ.

ಕ್ಲಚ್ಚು ಬಿಚ್ಚುವಾಗ ಮೊದಲ ಪಾಠ ಆಯಿತು. ಅದರ ಮರೆ ಎಡಗಡೆಯದ್ದು, ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ನಾನು ಒಂದು ಗಂಟೆ ಉಲ್ಟಾ ತಿರುಗಿಸಿ ಇನ್ನಷ್ಟು ಬಿಗಿ ಮಾಡಿದ್ದೆ. ಎಂಜಿನ್ನು ತಿರುಗದ ಹಾಗೆ ತಡೆಯಲು ಪ್ಲಗ್ಗಿನ ತೂತಿನಿಂದ ನೈಲಾನ್ ಹಗ್ಗ ತುರುಕಬೇಕು. ಕಬ್ಬಿಣದ ಸರಳು ತುರುಕಿದರೆ ಪಿಸ್ಟನ್ನಿನ ತಲೆ ತೂತಾಗುತ್ತದೆ. ನಮ್ಮ ಬಟ್ಟೆ ಒಣಗಿಸುವ ಹಗ್ಗದ ಒಂದು ಮೊಳ ಇವತ್ತಿಗೂ ಕಡಿಮೆ ಇದೆ.

ಸಿಲಿಂಡರ್ ಕಳಚಿದ ಮೇಲೆ ಅದನ್ನು ಉಳಿಸಿಕೊಳ್ಳಲು ನೋಡಿದೆ. ಅಲ್ಯೂಮಿನಿಯಂ ಸಿಲಿಂಡರಿನ ಒಳಮೈಗೆ ಗಟ್ಟಿ ಲೋಹದ ತೆಳು ಲೇಪ ಇರುತ್ತದೆ. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಅದರ ಮೇಲೆ ಮೆತ್ತಿಕೊಂಡಿದ್ದರೆ, ಬಾತ್‌ರೂಮ್ ತೊಳೆಯುವ ಆಸಿಡ್ಡನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಅದ್ದಿ ಸವರಿದರೆ ಮೆತ್ತಿದ್ದು ನೊರೆ ಬಂದು ಕರಗುತ್ತದೆ, ಲೇಪಕ್ಕೆ ಏನೂ ಆಗುವುದಿಲ್ಲ. ಕಿಂಡಿಗಳ ಅಂಚಿಗೆ ತಾಗಿಸಬಾರದು, ಅಲ್ಲಿ ಬರೀ ಅಲ್ಯೂಮಿನಿಯಂ ಇರುವುದರಿಂದ ಅದನ್ನೂ ತಿಂದುಬಿಡುತ್ತದೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ, ಕಿಟಕಿ ತೆರೆದಿರಬೇಕು. ಹೀಗೆ ಸಿಲಿಂಡರ್ ಉಳಿದರೆ ಬರೀ ಪಿಸ್ಟನ್ನು, ರಿಂಗು ಹಾಕಿದರೆ ಸಾಕು. ನನ್ನ ಮಟ್ಟಿಗೆ ಅಸಲಿ ಸಿಲಿಂಡರಿಗೆ ಅಗ್ಗದ ಪಿಸ್ಟನ್ನು ಕೂರಿಸುವುದೇ ಇದ್ದುದರಲ್ಲಿ ಒಳ್ಳೆಯ ಜೋಡಿ. ನನ್ನದರಲ್ಲಿ ಮೆತ್ತಿದ್ದು ಹೋಯಿತು, ಆದರೆ ಹೊಗೆ ಹೋಗುವ ಕಿಂಡಿಯ ಮೇಲೆ ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದವು. ಲೇಪವೇ ಎದ್ದುಹೋಗಿತ್ತು.

ಮಸೀದಿ ಬಂದರ್ ಸ್ಟೇಷನ್ನಿನಲ್ಲಿ ಇಳಿದು ಪಶ್ಚಿಮಕ್ಕೆ ಬಂದರೆ ನಾಗದೇವಿ ಸ್ಟ್ರೀಟು. ಬೇರಿಂಗು, ಬೆಲ್ಟು, ಪಂಪು, ಆಯಿಲ್ ಸೀಲು, ನಟ್ಟು ಬೋಲ್ಟು, ಬೀದಿಯ ಎರಡೂ ಕಡೆ ಗೂಡಿನಂಥ ಅಂಗಡಿಗಳು, ನಡುವೆ ಕೈಗಾಡಿಯವರು. ಮುಂಬೈಯಲ್ಲಿ ಇಪ್ಪತ್ತು ವರ್ಷ ಇದ್ದು, ಫೋರ್ಟಿಗೆ ದಿನಾ ಹೋಗಿ ಬಂದು, ನಾನು ಆ ಬೀದಿಗೆ ಕಾಲಿಟ್ಟದ್ದು ಅದೇ ಮೊದಲು. ಅಂಗಡಿಯವರು ನನ್ನ ಹಳೆಯ ಸಿಲಿಂಡರನ್ನು ಕೈಯಲ್ಲಿ ತೂಗಿ ನೋಡಿ, "ಒರಿಜಿನಲ್ ಯಾ ಲೋಕಲ್?" ಎಂದರು. ಲೋಕಲ್ಲಿನಲ್ಲೂ ಫಸ್ಟ್ ಕಾಪಿ, ಸೆಕೆಂಡ್ ಕಾಪಿ. ಫಸ್ಟ್ ಕಾಪಿ ಸೆಟ್ಟಿಗೆ 1,650 ರೂಪಾಯಿ. ಸಿಲಿಂಡರ್, ಪಿಸ್ಟನ್, ರಿಂಗು, ಪಿನ್ನು, ಎರಡು ಲಾಕು, ಎರಡು ಆಯಿಲ್ ಸೀಲು. ಅಸಲಿ ಬೆಲೆ ಅದರ ನಾಲ್ಕು ಪಟ್ಟಿಗೂ ಹೆಚ್ಚು. ವರ್ನಿಯರ್ ಜೇಬಲ್ಲಿಟ್ಟುಕೊಂಡು ಹೋಗಿದ್ದು ಒಳ್ಳೆಯದಾಯಿತು. ಮೊದಲು ಕೊಟ್ಟ ಡಬ್ಬಿಯಲ್ಲಿದ್ದದ್ದು 37 ಎಂಎಂ ಬೋರು, ಅದು ಎಂಎಸ್ 170ರದ್ದು. ನನಗೆ ಬೇಕಾದದ್ದು 38. ಕಣ್ಣಿಗೆ ಎರಡೂ ಒಂದೇ.

ಅಗ್ಗದ ಸಾಮಾನೆಂದರೆ ಕೆಟ್ಟ ಸಾಮಾನು ಎಂದು ತಿಳಿಯಬೇಕಾಗಿಲ್ಲ. ಮುಗಿಸದೆ ಬಿಟ್ಟ ಸಾಮಾನು ಎನ್ನಬಹುದು. ಕಂಪನಿಯವರು ಕೊನೆಯಲ್ಲಿ ಮಾಡುವ ಉಜ್ಜುವ, ಅಳೆಯುವ, ನೋಡುವ ಕೆಲಸವನ್ನು ಇವರು ಮಾಡಿರುವುದಿಲ್ಲ. ಅದಕ್ಕೇ ಅಗ್ಗ. ಆ ಕೆಲಸ ನಮ್ಮ ಪಾಲಿಗೆ. ಸಿಲಿಂಡರಿನ ಕಿಂಡಿಗಳ ಅಂಚು ಬ್ಲೇಡಿನ ಹಾಗೆ ಚೂಪಾಗಿತ್ತು. ಹಾಗೇ ಹಾಕಿದರೆ ರಿಂಗು ಅದಕ್ಕೆ ಸಿಕ್ಕಿ ಮುರಿಯುತ್ತದೆ. ಸಣ್ಣ ದುಂಡು ಅರದಿಂದ, ಆಮೇಲೆ 600 ನಂಬರಿನ ಎಮರಿ ಕಾಗದದಿಂದ ಎರಡು ಸಂಜೆ ಕೂತು ಅಂಚು ಮುರಿದೆ. ಒಂದು ಕಿಂಡಿಯೊಳಗೆ ಎರಕದ ಚೂರು ಇನ್ನೂ ಅಂಟಿಕೊಂಡಿತ್ತು. ರಿಂಗನ್ನು ಬೋರಿನೊಳಗೆ ಕೂರಿಸಿ ತುದಿಗಳ ನಡುವೆ ಫೀಲರ್ ಗೇಜ್ ತೂರಿಸಿ ನೋಡಿದೆ, ಅದು ಸರಿಯಿತ್ತು. ಎಲ್ಲ ಮುಗಿದ ಮೇಲೆ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದೆ. ಅರದ ಪುಡಿ ಒಂದು ಚಿಟಿಕೆ ಉಳಿದರೂ ಅಷ್ಟೂ ಕೆಲಸ ದಂಡ.

ಪಿಸ್ಟನ್ ಪಿನ್ನನ್ನು ಹಿಡಿದಿಡುವ ಎರಡು ಲಾಕುಗಳನ್ನು, ಸರ್ಕ್ಲಿಪ್ ಎನ್ನುತ್ತಾರಲ್ಲ, ಸೆಟ್ಟಿನಲ್ಲಿ ಬಂದದ್ದನ್ನು ಎಸೆದು ಅಸಲಿ ತಂದೆ. ತಂತಿಯ ಒಂದು ಸುತ್ತು ಅಷ್ಟೇ. ಮಿನಿಟಿಗೆ ಹತ್ತು ಸಾವಿರ ಸುತ್ತು ತಿರುಗುವಾಗ ಅದು ತುಂಡಾಗಿ ಹೊರಬಿದ್ದರೆ ಹೊಸ ಸಿಲಿಂಡರಿಗೆ ಅಲ್ಲಿಗೇ ತಿಥಿ. ಎರಡಕ್ಕೆ 120 ರೂಪಾಯಿ. ಕಾರ್ಬುರೇಟರನ್ನೂ ಬದಲಿಸಲಿಲ್ಲ. ಒಳಗಿನ ರಬ್ಬರ್ ಪರದೆಗಳು ಗಟ್ಟಿಯಾಗಿದ್ದವು, ಅವನ್ನು ಮಾತ್ರ ಹೊಸದು ಹಾಕಿದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಈ ಪರದೆಗಳಿಗೂ ಪೈಪಿಗೂ ಕೇಡು. ಮಳೆಗಾಲ ಪೂರ್ತಿ ಮೆಷಿನ್ನನ್ನು ಅಟ್ಟದ ಮೇಲಿಡುವ ನಮ್ಮ ಊರಿನವರು ಇಡುವ ಮುಂಚೆ ಟ್ಯಾಂಕು ಖಾಲಿ ಮಾಡುವುದೇ ಒಳ್ಳೆಯದು.

ಈ ಮಾದರಿಯಲ್ಲಿ ಸಿಲಿಂಡರೂ ಕೆಳಗಿನ ತಟ್ಟೆಯೂ ಚಿಪ್ಪಿನ ಎರಡು ಹೋಳಿನ ಹಾಗೆ ಕೂಡುತ್ತವೆ, ನಡುವೆ ಕ್ರ್ಯಾಂಕು. ಗ್ಯಾಸ್ಕೆಟ್ ಇಲ್ಲ, ಸೀಲೆಂಟ್ ಹಚ್ಚಿ ಬಿಗಿಯಬೇಕು. ಹಚ್ಚಿ ಬಿಗಿದೆ. ಕಾಯಿಲು ಮತ್ತು ಫ್ಲೈವೀಲಿನ ನಡುವೆ ವಿಸಿಟಿಂಗ್ ಕಾರ್ಡು ಇಟ್ಟು ಸಂದು ಹೊಂದಿಸಿದೆ. ಒಂದು ಭಾನುವಾರ, ಮಳೆ ಬಿಟ್ಟಿದ್ದಾಗ, ಸೊಸೈಟಿಯ ಪಾರ್ಕಿಂಗಿನಲ್ಲಿ ಹಗ್ಗ ಎಳೆದೆ. ಏಳನೇ ಸಲಕ್ಕೆ ಎದ್ದಿತು.

ಆ ಖುಷಿ ಅರ್ಧ ನಿಮಿಷ. ಆಕ್ಸಿಲರೇಟರ್ ಬಿಟ್ಟರೂ ಸ್ಪೀಡು ಇಳಿಯಲಿಲ್ಲ, ತಾನಾಗಿಯೇ ಏರುತ್ತ ಹೋಯಿತು. ಸ್ವಿಚ್ಚು ಒತ್ತಿ ನಿಲ್ಲಿಸುವಷ್ಟರಲ್ಲಿ ಮೂರನೇ ಮಹಡಿಯ ಸೆಕ್ರೆಟರಿ ಬನಿಯನ್ನಿನಲ್ಲೇ ಇಳಿದು ಬಂದಿದ್ದರು. "ಕಾಯ್ ಚಾಲ್ಲಂಯ್ ಹೇ? ಝಾಡ್ ಕಾಪ್ತಾಯ್ ಕಾ?" ನಮ್ಮ ಸೊಸೈಟಿಯಲ್ಲಿ ಕಡಿಯಲು ಇರುವುದು ಒಂದೇ ಮರ, ಬಾದಾಮಿ, ಅವರೇ ನೆಟ್ಟದ್ದು. ಇಲ್ಲ ಸಾಹೇಬ, ಊರಿನದ್ದು, ರಿಪೇರಿ ಎಂದು ಸಮಾಧಾನ ಮಾಡಿದೆ.

ಸ್ಪೀಡು ತಾನಾಗಿ ಏರುತ್ತದೆ ಎಂದರೆ ಎಲ್ಲಿಂದಲೋ ಗಾಳಿ ಒಳಗೆ ನುಗ್ಗುತ್ತಿದೆ, ಪೆಟ್ರೋಲು ತೆಳುವಾಗುತ್ತಿದೆ, ಅದರ ಜೊತೆಗೆ ಎಣ್ಣೆಯೂ ಕಡಿಮೆಯಾಗುತ್ತಿದೆ ಎಂದರ್ಥ. ಹಾಗೇ ಓಡಿಸಿದರೆ ಹೊಸ ಪಿಸ್ಟನ್ನಿಗೂ ಹಳೆಯದರ ಗತಿ. ಪತ್ತೆ ಮಾಡಲು ಪಂಪು, ಗೇಜು ಬೇಕು. ಮನೆಯಲ್ಲಿ ಅತ್ತೆಯವರ ಹಳೆಯ ಬಿಪಿ ನೋಡುವ ಯಂತ್ರ ಇತ್ತು. ಸೈಲೆನ್ಸರಿನ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಬಿಗಿದೆ, ಕಾರ್ಬುರೇಟರ್ ಕೂರುವ ಬಾಯಿಗೆ ಬಿಪಿ ಯಂತ್ರದ ನಳಿಗೆ ಜೋಡಿಸಿ ಬಲ್ಬು ಒತ್ತಿದೆ. 300ಕ್ಕೆ ಏರಿಸಿದ ಮುಳ್ಳು ನೋಡನೋಡುತ್ತ ಇಳಿಯಿತು. "ರೀ, ಅದಕ್ಕೂ ಬಿಪಿ ಇದೆಯಾ?" ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. ಸೋಪಿನ ನೀರು ಬಳಿದಾಗ ಫ್ಲೈವೀಲ್ ಕಡೆಯ ಆಯಿಲ್ ಸೀಲಿನ ಸುತ್ತ ಗುಳ್ಳೆಗಳು. ಸೆಟ್ಟಿನ ಜೊತೆ ಬಂದ ಸೀಲು. ಅದರ ತುಟಿ ಒಂದು ಕಡೆ ಮಡಚಿತ್ತು.

ಮತ್ತೆ ನಾಗದೇವಿ ಸ್ಟ್ರೀಟು. ಸೀಲಿನ ಅಂಗಡಿಯಲ್ಲಿ ಯಾವ ಮೆಷಿನ್ನಿಗೆ ಎಂದು ಹೇಳಬೇಕಾಗಿಯೂ ಇಲ್ಲ. ಒಳ ಅಳತೆ, ಹೊರ ಅಳತೆ, ದಪ್ಪ, ಈ ಮೂರು ಅಂಕಿ ಹೇಳಿದರೆ ಒಳ್ಳೆಯ ಕಂಪನಿಯದ್ದು ಕೈಗೆ ಬರುತ್ತದೆ. ಜೋಡಿಗೆ 180. ಮತ್ತೆ ಬಿಚ್ಚಿ, ಹಳೆಯ ಸೀಲೆಂಟು ಕೆರೆದು, ಮತ್ತೆ ಹಚ್ಚಿ, ಒಂದು ರಾತ್ರಿ ಬಿಟ್ಟು, ಬಲ್ಬು ಒತ್ತಿದೆ. ಮುಳ್ಳು ನಿಂತಲ್ಲೇ ನಿಂತಿತು. ಜುಲೈ ಮುಗಿದಿತ್ತು.

ಇಲ್ಲಿಯವರೆಗೆ ಬರೆದದ್ದು ದುಡ್ಡಿನ ವಿಷಯ. ಸಾಮಾನು ಕೈಕೊಟ್ಟರೆ ಎಂಜಿನ್ನು ನಿಲ್ಲುತ್ತದೆ, ದುಡ್ಡು ಹೋಗುತ್ತದೆ, ಮನುಷ್ಯನಿಗೇನೂ ಆಗುವುದಿಲ್ಲ. ಬ್ರೇಕು ಹಾಗಲ್ಲ. ಬಾರಿನ ತುದಿಯ ಮೇಲಿನ ಕಾಲುಭಾಗ ಮರಕ್ಕೆ ತಾಗಿದರೆ ಮೆಷಿನ್ನು ಕಣ್ಣುಮಿಟುಕಿಸುವುದರೊಳಗೆ ಹಿಂದಕ್ಕೆ, ಮೇಲಕ್ಕೆ ಹಾರುತ್ತದೆ, ಕೊಯ್ಯುವವನ ಮುಖದ ಕಡೆಗೆ. ಆಗ ಮುಂದಿನ ಕೈರಕ್ಷೆ ಮುಂಗೈಗೆ ತಾಗಿ ಮುಂದಕ್ಕೆ ಬೀಳಬೇಕು, ಕ್ಲಚ್ಚಿನ ಡ್ರಮ್ಮಿನ ಸುತ್ತ ಇರುವ ಉಕ್ಕಿನ ಪಟ್ಟಿ ಬಿಗಿಯಬೇಕು, ಚೈನು ಕೂಡಲೇ ನಿಲ್ಲಬೇಕು. ಚಿಕ್ಕಪ್ಪನ ಮೆಷಿನ್ನಿನ ಪಟ್ಟಿ ಸವೆದು ಕಾಗದದ ಹಾಗಾಗಿತ್ತು. ಎಷ್ಟು ವರ್ಷದಿಂದ ಹಾಗಿತ್ತೋ. ಅವರು ಅದನ್ನು ಹಿಡಿದು ನಮ್ಮ ಊರಿನ ಅರ್ಧ ಹಲಸು, ಮಾವು ಕೊಯ್ದಿದ್ದಾರೆ, ತಲೆಗೊಂದು ಟವೆಲು ಸುತ್ತಿ, ಕಾಲಿಗೆ ಹವಾಯಿ ಚಪ್ಪಲಿ ಹಾಕಿ.

ಅಲ್ಲಿಯೂ ನಾನು ಅಗ್ಗಕ್ಕೆ ಹೋದೆ ಎಂದು ಒಪ್ಪಿಕೊಳ್ಳಬೇಕು. ಪಟ್ಟಿ 160 ರೂಪಾಯಿ, ಚೈನು 450. ಬ್ರೇಕು ಹಾಕಿ ನೋಡಿದರೆ ಚೈನು ನಿಲ್ಲುತ್ತಿತ್ತು, ಆದರೆ ಜಾರಿ ನಿಲ್ಲುತ್ತಿತ್ತು. ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು. ಐದು ಸಲ ನೋಡಿದೆ, ಐದು ಸಲವೂ ಹಾಗೇ. ಆ ಎರಡು ಎಣಿಕೆಯಲ್ಲಿ ಏನೆಲ್ಲ ಆಗಬಹುದು ಎಂದು ಕ್ಲೇಮಿನ ಫೈಲುಗಳಲ್ಲಿ ಫೋಟೋ ಸಮೇತ ನೋಡಿದವನು ನಾನು. ಎರಡನ್ನೂ ಡಸ್ಟ್‌ಬಿನ್ನಿಗೆ ಹಾಕಿ, ಮರುದಿನ ಡೀಲರ್ ಹತ್ತಿರ ಹೋಗಿ ಅಸಲಿ ಪಟ್ಟಿಗೆ 640, ಚೈನಿಗೆ 1,150 ಕೊಟ್ಟೆ. ಈಗ ಕೈರಕ್ಷೆ ತಳ್ಳಿದರೆ ಚೈನು ಟಕ್ಕೆಂದು ನಿಲ್ಲುತ್ತದೆ.

ಚೈನಿನ ಮಾತು ಬಂತು, ಒಂದು ಸಂಗತಿ ಹೇಳಿಬಿಡುತ್ತೇನೆ. ಈಗಿನ ಚೈನಿನ ಹಲ್ಲಿನ ಆಕಾರ ಹುಳುವಿನಿಂದ ಬಂದದ್ದು. ಅಮೆರಿಕದ ಆರೆಗನ್ನಿನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವರು 1946ರಲ್ಲಿ ಮರ ಕೊರೆಯುವ ದುಂಬಿಯ ಮರಿಹುಳು ದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಮರ ತಿನ್ನುವುದನ್ನು ಕಂಡು, ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಇರುವ ಚೈನು ಮಾಡಿದರು. ಹುಳು ಹಿಡಿದ ಹಲಸಿನ ಹಲಗೆ ನೋಡಿದಾಗಲೆಲ್ಲ ಬೈಯುವ ಚಿಕ್ಕಪ್ಪನಿಗೆ ಇದನ್ನು ಹೇಳಬೇಕೆಂದು ನೆನಪಿಟ್ಟುಕೊಂಡಿದ್ದೆ.

ಚೌತಿಗೆ ಊರಿಗೆ ಹೋದೆ. ಈ ಸಲವೂ ಟ್ಯಾಂಕು ಒಣಗಿಸಿ, ಅದೇ ಗೋಣಿಚೀಲ. ಹಬ್ಬದ ಮರುದಿನ ಅಂಗಳದಲ್ಲಿ ಒಂದು ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂ ಟಿ ಆಯಿಲನ್ನು ಮೊಮ್ಮಗನ ಕೆಮ್ಮಿನ ಔಷಧದ ಮುಚ್ಚಳದಲ್ಲಿ ಅಳೆದು ಹಾಕಿದೆ. ಕ್ಯಾನು ತರಲು ಕೊಟ್ಟಿಗೆಗೆ ಹೋದಾಗ ನೋಡಿದೆ, ಎರಡು ಕ್ಯಾನಿನಲ್ಲಿ ಒಂದಕ್ಕೆ ಕುತ್ತಿಗೆಯ ಸುತ್ತ ಕೆಂಪು ಪೇಂಟು ಬಳಿದಿತ್ತು. ಮೇ ತಿಂಗಳಲ್ಲಿ ಅದು ಇರಲಿಲ್ಲ.

ಎರಡನೇ ಎಳೆತಕ್ಕೆ ಮೆಷಿನ್ನು ಎದ್ದಿತು. ನೀಲಿ ಹೊಗೆ ಬಂತು. ಚಿಕ್ಕಪ್ಪ ಒಣಗಿದ ಮತ್ತಿ ಮರದ ತುಂಡೊಂದನ್ನು ಕೊಯ್ದು ನೋಡಿ, ಆರಿಸಿ, ಬಾರಿನ ಮೇಲಿನ ಹೊಟ್ಟು ಒರೆಸಿದರು. ಆಗ ಹೇಳಿದೆ.

"ಚಿಕ್ಕಪ್ಪ, ಅವತ್ತು ನಾನು ಬೈಕಿನ ಪೆಟ್ರೋಲ್ ಹಾಕಿದ್ದೆ."

"ಗೊತ್ತಿತ್ತು ಮಾರಾಯ."

"ಯಾವಾಗ ಗೊತ್ತಾಯ್ತು?"

"ಅವತ್ತೇ. ಹೊಗೆ ಬರ್ಲಿಲ್ಲ. ವಾಸ್ನೆನೂ ಬೇರೆ ಇತ್ತು. ನಿಲ್ಸಬೇಕಿತ್ತು ನಾನು. ಒಂದು ತುಂಡು ಉಳಿದಿತ್ತಲ, ಅದೊಂದು ಆಗ್ಲಿ ಅಂತ ಹೊಡೆದೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಹೇಳ್ತೀಯೋ ಇಲ್ವೋ ಅಂತ ನಿನ್ನ ಚಿಕ್ಕಮ್ಮನ ಹತ್ರ ಹೇಳ್ತಿದ್ದೆ" ಎಂದರು.

ಚಿಕ್ಕಮ್ಮ ಒಳಗಿನಿಂದ ಕೇಳಿಸಿಕೊಂಡು, "ಹೇಳಿದ್ನಾ?" ಎಂದರು.

ಒಟ್ಟು ಖರ್ಚು ಐದು ಸಾವಿರದ ಐವತ್ತು ರೂಪಾಯಿ, ಡಸ್ಟ್‌ಬಿನ್ನಿಗೆ ಹೋದ 610 ಸೇರಿ. ನನ್ನ ಭಾನುವಾರಗಳನ್ನು ಲೆಕ್ಕ ಹಾಕಿಲ್ಲ, ಹಾಕಿದರೆ ಹೊಸದೇ ಅಗ್ಗ. ಮೊದಲ ನಾಲ್ಕು ಟ್ಯಾಂಕು ಜಾಸ್ತಿ ಒತ್ತಡ ಕೊಡದೆ ಓಡಿಸಿ ಎಂದು ಹೇಳಿ ಬಂದೆ. ಎಷ್ಟು ಕೇಳಿದರೋ ಗೊತ್ತಿಲ್ಲ. ಹೆಲ್ಮೆಟ್ಟು, ಬೂಟು ಒಯ್ದು ಕೊಟ್ಟಿದ್ದೆ. ಹೆಲ್ಮೆಟ್ಟು ಹಾಕುತ್ತಾರೆ, ಬೂಟು ಹೊಸ ಬಟ್ಟೆಯ ಜೊತೆ ಪೆಟ್ಟಿಗೆಯಲ್ಲಿದೆ ಎಂದು ಚಿಕ್ಕಮ್ಮ ಹೇಳಿದರು.

ಕಳೆದ ವಾರ ಫೋನು ಬಂದಿತ್ತು. ಮೆಷಿನ್ನು ಚೆನ್ನಾಗಿ ಓಡುತ್ತಿದೆಯಂತೆ, ಪಕ್ಕದ ಮನೆಯವರದ್ದೂ ಸೀಜ್ ಆಗಿ ಕೂತಿದೆಯಂತೆ. ದೀಪಾವಳಿಗೆ ಬರುವಾಗ 4 ಎಂಎಂನ ದುಂಡು ಅರ ಎರಡು ತಾ ಎಂದರು, ಆ ಬೀದಿಯದ್ದೇ ಆದರೂ ಅಡ್ಡಿಲ್ಲ, ಫಸ್ಟ್ ಕಾಪಿ ನೋಡಿ ತಾ.